ಹಾಸಿಗೆ ಇದ್ದಷ್ಟು ಕಾಲು ಚಾಚಿ, ಗೋಕರ್ಣಕ್ಕೆ

ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆದಾಗ ನಾನು ಮಕ್ಕಳಿಗೆ ಕೊಡುವ ಮೊದಲ ಪ್ರಬಂಧದ ವಿಷಯ ‘ನಾನು ಕಳೆದ ರಜೆ’. ವಿಷಯ ಹಳೆಯದು, ನಿಜ. ಬಂದ ಬರಹಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ವಿಮಾನ ಹತ್ತಿದೆವು, ಅಜ್ಜಿ ಮನೆಗೆ ಹೋದೆವು, ಮದುವೆಗೆ ಹೋದೆವು, ಬೆಂಗಳೂರಿನ ಮಾಲ್ ನೋಡಿದೆವು, ತಿರುಗಿ ಬಂದೆವು. ಒಮ್ಮೆ ತರಗತಿಯಲ್ಲಿ ಕೇಳಿದೆ: “ನಿಮ್ಮ ಪ್ರವಾಸಕ್ಕೆ ಎಷ್ಟು ಖರ್ಚಾಯಿತು, ಯಾರಿಗಾದರೂ ಗೊತ್ತೇ?” ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ಅದೆಲ್ಲ ಪಪ್ಪನ ಕಾರ್ಡ್‌ಗೆ ಗೊತ್ತು” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಯೋಚಿಸಿದಾಗ ಇದು ನಗುವ ವಿಷಯವಲ್ಲ ಅನ್ನಿಸಿತು. ನನ್ನ ಸ್ವಂತ ಮಕ್ಕಳಿಗೂ ಅದು ಗೊತ್ತಿರಲಿಲ್ಲ.

ನಾವು ಗಲ್ಫಿಗೆ ಬಂದಿರುವುದು ದುಡಿಯಲು. ಬಾಡಿಗೆ, ಶಾಲೆಯ ಫೀಸು, ಊರಿನ ಸಾಲ, ತಂದೆತಾಯಿಯ ಔಷಧಿ ಎಲ್ಲ ಕಳೆದ ಮೇಲೆ ಉಳಿಯುವುದು ಎಷ್ಟೆಂದು ದೊಡ್ಡವರಿಗೆ ಗೊತ್ತು. ಮಕ್ಕಳಿಂದ ಮಾತ್ರ ಅದನ್ನು ಮುಚ್ಚಿಡುತ್ತೇವೆ. ‘ಅವರಿಗೇಕೆ ಆ ಚಿಂತೆ’ ಎಂಬ ಪ್ರೀತಿ ಅದರ ಹಿಂದಿದೆ. ಆದರೆ ಲೆಕ್ಕ ಕಾಣದ ಮಗು ಹಣಕ್ಕೆ ಮಿತಿಯೇ ಇಲ್ಲವೆಂದು ತಿಳಿಯುತ್ತದೆ. ಹಾಗಾಗಿ ನನ್ನದೊಂದು ಅಭಿಪ್ರಾಯ: ವರ್ಷಕ್ಕೊಮ್ಮೆಯಾದರೂ ಒಂದು ಪುಟ್ಟ ಪ್ರವಾಸದ ಯೋಜನೆಯನ್ನು ಮಕ್ಕಳ ಕೈಗೆ ಕೊಡಬೇಕು. ಅದು ಮಿತವ್ಯಯದ ಪ್ರವಾಸವಾಗಿರಬೇಕು. ಸಾಧ್ಯವಾದರೆ ನಮ್ಮದೇ ಕರಾವಳಿಯ ಒಂದು ಊರಿಗೆ ಆಗಿರಬೇಕು. ನಾವು ಮಾಡಿ ನೋಡಿದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಹಾಸನ. ಮಕ್ಕಳಿಬ್ಬರೂ ಹುಟ್ಟಿದ್ದು ದುಬೈಯಲ್ಲಿ. ಜುಮೇರಾದ ಕಡಲು, ಅಬುಧಾಬಿಯ ಕಾರ್ನಿಶ್ ಅವರಿಗೆ ಅಂಗಳವಿದ್ದ ಹಾಗೆ. ಕರ್ನಾಟಕಕ್ಕೂ ಮುನ್ನೂರು ಕಿಲೋಮೀಟರಿನಷ್ಟು ಉದ್ದದ ಕಡಲ ತೀರವಿದೆ ಎಂಬುದು ಪುಸ್ತಕದ ಮಾತು ಮಾತ್ರ. 2025ರ ಜುಲೈಯಲ್ಲಿ ಎರಡು ರಾತ್ರಿ ಗೋಕರ್ಣದಲ್ಲಿ ಉಳಿಯುವುದೆಂದು ನಿಶ್ಚಯಿಸಿದೆವು. ನಾಲ್ಕು ಜನಕ್ಕೆ 12,000 ರೂಪಾಯಿ. ಆಗ ದಿರ್ಹಮಿಗೆ ಸುಮಾರು 23 ರೂಪಾಯಿ ಇತ್ತು, ಎಂದರೆ 520 ದಿರ್ಹಮಿನಷ್ಟು. ಲೆಕ್ಕದ ಪುಸ್ತಕವನ್ನು ಎಂಟನೇ ತರಗತಿಯ ಮಗಳಿಗೆ ಕೊಟ್ಟೆವು. ಅವಳು ಬರೆದದ್ದು ಹೀಗೆ: ರೂಮಿಗೆ ದಿನಕ್ಕೆ 1,500ರಂತೆ 3,000. ಹಾಸನದಿಂದ ಹೋಗಿಬರುವ ರೈಲು ಮತ್ತು ಆಟೋ 3,500. ಊಟ ತಿಂಡಿ 2,500. ಸುತ್ತಾಟ 1,000. ಮೀಸಲು 2,000. ಐದನೇ ತರಗತಿಯ ಮಗ ‘ಐಸ್‌ಕ್ರೀಮಿಗೆ ಬೇರೆ ಸಾಲು ಬೇಕು’ ಎಂದು ಜಗಳವಾಡಿದ. ‘ಊಟದಲ್ಲೇ ಸೇರಿದೆ’ ಎಂದು ಅಕ್ಕ ತೀರ್ಪು ಕೊಟ್ಟಳು.

ಸುದ್ದಿ ತಿಳಿದ ಕೂಡಲೇ ನೆಂಟರಲ್ಲಿ ಚರ್ಚೆ ಶುರುವಾಯಿತು. “ಗಲ್ಫಿನಿಂದ ಬಂದವರು ಸಾವಿರದೈನೂರರ ಲಾಡ್ಜಿನಲ್ಲಿ ಇರೋದಾ? ನಾಲ್ಕು ಜನ ಏನಂದಾರು?” ಎಂದು ನಮ್ಮತ್ತೆ ಕೇಳಿದರು. ಗಲ್ಫಿನವರೆಂದರೆ ಕೈಬಿಚ್ಚಿ ಖರ್ಚು ಮಾಡಬೇಕು ಎಂಬ ನಿರೀಕ್ಷೆ ಊರಿನಲ್ಲಿದೆ. ಆ ನಿರೀಕ್ಷೆಯನ್ನು ಬೆಳೆಸಿದವರು ನಾವೇ. ಸಾಲ ಮಾಡಿ ದೊಡ್ಡ ರೆಸಾರ್ಟಿನಲ್ಲಿ ಫೋಟೋ ತೆಗೆಸಿಕೊಂಡವರನ್ನೂ ನಾನು ನೋಡಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಯಿರಿ ಎನ್ನುವ ನಾನೇ ಅದನ್ನು ಪಾಲಿಸದಿದ್ದರೆ ಹೇಗೆ?

ಆದರೆ ಮಿತವ್ಯಯ ಬೇರೆ, ಅಗ್ಗಕ್ಕೆ ಮರುಳಾಗುವುದು ಬೇರೆ. ಇದನ್ನು ಕಲಿಯಲು ನಮಗೆ 900 ರೂಪಾಯಿ ಖರ್ಚಾಯಿತು. ನಾನು ಮೊಬೈಲಿನಲ್ಲಿ ಚೆಂದದ ಫೋಟೋ ನೋಡಿ, ಕಡಲಿಗೆ ಹತ್ತೇ ಹೆಜ್ಜೆ ಎಂಬ ಒಂದು ಕಾಟೇಜಿಗೆ ಮುಂಗಡ ಕಳಿಸಿಬಿಟ್ಟಿದ್ದೆ. ಮಗಳು, “ಅಮ್ಮಾ, ಫೋನ್ ಮಾಡಿ ಕೇಳೋಣ” ಎಂದಳು. ಹೊರಡುವ ಎರಡು ವಾರ ಮುಂಚೆ ಮಾಡಿದರೆ ಆ ಕಡೆಯಿಂದ ಬಂದ ಉತ್ತರ: “ಈಗ ಬಾಗಿಲು ಹಾಕಿದೆ ಅಲ್ಲವಾ, ಮಳೆ ಮುಗಿದ ಮೇಲೇ ತೆಗೆಯೋದು.” ಮುಂಗಡ ವಾಪಸು ಬರಲಿಲ್ಲ. ತಪ್ಪು ನನ್ನದೂ ಹೌದು. ಕುಡ್ಲೆ, ಓಂ ಬೀಚಿನ ಬದಿಯ ಎಷ್ಟೋ ಗುಡಿಸಲು, ಹೋಟೆಲುಗಳು ಮಳೆಗಾಲದಲ್ಲಿ ಮುಚ್ಚಿರುತ್ತವೆ. ಫೋಟೋ ಡಿಸೆಂಬರಿನದು, ನಮ್ಮ ಪ್ರಯಾಣ ಜುಲೈಯದು!

ಆಮೇಲೆ ಫೋನಿನ ಜವಾಬ್ದಾರಿಯೂ ಮಗಳದಾಯಿತು. ಊರೊಳಗಿನ ನಾಲ್ಕು ಲಾಡ್ಜುಗಳಿಗೆ ಅವಳೇ ಕನ್ನಡದಲ್ಲಿ ಮಾತಾಡಿದಳು. ಮೊದಲ ಸಲ ಧ್ವನಿ ನಡುಗಿತು. ಮೂರನೆಯ ಸಲಕ್ಕೆ, “ಅಂಕಲ್, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತೆ? ಕರೆಂಟ್ ಹೋದರೆ ಜನರೇಟರ್ ಇದೆಯಾ? ನಾಲ್ಕು ಜನಕ್ಕೆ ಹೆಚ್ಚಿಗೆ ಹಾಸಿಗೆಗೆ ಎಷ್ಟು?” ಎಂದು ಪಟಪಟ ಕೇಳಿದಳು. “ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬರ್ತದೆ ತಂಗೀ. ಹಾಸಿಗೆಗೆ ದುಡ್ಡು ಬೇಡ, ಬನ್ನಿ” ಎಂದರು ಒಬ್ಬ ಹಿರಿಯರು. ರೂಮು ನಿಶ್ಚಯವಾಯಿತು. ಭಾಷಾ ಶಿಕ್ಷಕಿಯಾಗಿ ಹೇಳುತ್ತೇನೆ, ಒಂದು ವರ್ಷದ ಸಂಭಾಷಣೆ ಪಾಠ ಮಾಡದ ಕೆಲಸವನ್ನು ಆ ನಾಲ್ಕು ಫೋನುಗಳು ಮಾಡಿದವು.

ಯೋಜನೆ ಹಾಕುವವರಿಗೆ ಉಪಯೋಗವಾಗುವ ಕೆಲವು ಸಂಗತಿಗಳಿವೆ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ ಅದು 120 ದಿನವಿತ್ತು. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುವುದರಿಂದ ಹಳೆಯ ಸಮಯವನ್ನು ನಂಬಬಾರದು. ಲಾಡ್ಜಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಇಲ್ಲದಿದ್ದರೆ ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ, ಮಕ್ಕಳದ್ದೂ ಸಹ. ರೂಮಿನ ದರದ ಮೇಲೆ ತೆರಿಗೆ ಎಷ್ಟೆಂದು ಮೊದಲೇ ಕೇಳಿ. ನಮ್ಮ ಮಗಳು ಇದನ್ನು ಮರೆತಿದ್ದಳು. ಆಗ ಜಿಎಸ್‌ಟಿ ಶೇ. 12 ಇದ್ದುದರಿಂದ 3,000 ಎಂದುಕೊಂಡ ಬಿಲ್ಲು 3,360 ಆಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಅದು ಶೇ. 5ಕ್ಕೆ ಇಳಿದಿದೆ. ಅದೇ ರೂಮಿಗೆ ಈಗಾದರೆ 3,150 ಸಾಕಿತ್ತು. ಶೇಕಡಾವಾರು ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ಯಾವ ಗಣಿತದ ಪುಸ್ತಕ ಕಲಿಸೀತು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಖರ್ಚಿನಲ್ಲಿ ಉಳಿಸಬಹುದಾದ ಕಡೆಗಳು ಹಲವು, ಉಳಿಸಲೇಬಾರದ ಕಡೆಗಳು ಎರಡು. ಒಂದು ಸಮಯ, ಇನ್ನೊಂದು ಎಚ್ಚರ.

ನಮಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಇಲ್ಲಿ ಸುಡು ಬಿಸಿಲು, ಅಲ್ಲಿ ಮುಂಗಾರಿನ ಅಬ್ಬರ. 2024ರ ಏಪ್ರಿಲ್ 16ರ ಮಳೆ ನಿಮಗೆಲ್ಲ ನೆನಪಿರಬಹುದು. ಅಲ್ ಐನ್ ಬಳಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿದು ದೇಶವೇ ನಿಂತುಹೋಯಿತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈಯ ಒಂದು ವಾರದಲ್ಲಿ ಅಷ್ಟು ಸುರಿದರೂ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಅದೇ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ಎಷ್ಟೋ ದಿನ ಸಂಚಾರ ನಿಂತಿತು. ಶಿರೂರು ಗೋಕರ್ಣಕ್ಕೆ ದೂರವೇನಲ್ಲ. ಆದುದರಿಂದ ವಿಮಾನ ಹತ್ತುವ ದಿನಕ್ಕೂ ಪ್ರವಾಸಕ್ಕೂ ನಡುವೆ ಎರಡು ಮೂರು ದಿನ ಖಾಲಿ ಬಿಡಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಮುಂಗಡ ಹೋದರೂ ಪರವಾಗಿಲ್ಲ, ಹೊರಡಬೇಡಿ. ಮೀಸಲು ಹಣ ಇರುವುದು ಅದಕ್ಕೇ.

ಎರಡನೆಯದು ಕಡಲು. ಗೋಕರ್ಣ ತಲುಪಿದ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ದೇವಸ್ಥಾನದ ಹತ್ತಿರದ ತೀರಕ್ಕೆ ಹೋದೆವು. ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿತ್ತು. ನಾನು ಕೊಡೆ ಮಡಿಸುತ್ತಿದ್ದೆ, ಅಷ್ಟೇ. ಮಗ ನೀರಿನ ಕಡೆ ಓಡಿಬಿಟ್ಟ. ಜುಮೇರಾದಲ್ಲಿ ದಿನವೂ ಓಡುವ ಓಟವೇ ಅದು. ಒಂದು ತೆರೆ ಬಂದು ಮೊಣಕಾಲಿಗೆ ಬಡಿಯಿತು, ಹಿಂದೆ ಸರಿಯುವಾಗ ಅವನ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು. ಅವನು ಕುಸಿದು ಕೂತ. ಬಲೆ ಸರಿಮಾಡುತ್ತಿದ್ದ ಒಬ್ಬರು, “ತಮ್ಮಾ, ಹಿಂದೆ ಬಾ! ಇದು ಆಟದ ಸಮುದ್ರ ಅಲ್ಲ!” ಎಂದು ಕೂಗುತ್ತಾ ಓಡಿಬಂದು ತೋಳು ಹಿಡಿದೆಳೆದರು. ಒಂದು ಚಪ್ಪಲಿ ಮಾತ್ರ ಹೋಯಿತು. ಆ ಕ್ಷಣವನ್ನು ನೆನೆದರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ನಮ್ಮ ಮಕ್ಕಳಿಗೆ ಕಡಲು ಗೊತ್ತು ಎಂದು ನಾವು ತಿಳಿದಿದ್ದೇವೆ. ಅವರಿಗೆ ಗೊತ್ತಿರುವುದು ಬೇರೆ ಕಡಲು. ದುಬೈ, ಅಬುಧಾಬಿಯ ಎದುರಿಗಿರುವುದು ಸುತ್ತಲೂ ನೆಲವಿರುವ, ಸರಾಸರಿ 50 ಮೀಟರ್ ಆಳವೂ ಇಲ್ಲದ ಕೊಲ್ಲಿ. ಗೋಕರ್ಣದ ಎದುರಿಗಿರುವುದು ತೆರೆದ ಅರಬ್ಬೀ ಸಮುದ್ರ, ಅದರ ಮೇಲೆ ಮುಂಗಾರಿನ ಗಾಳಿ. ಹುಟ್ಟಿದಾಗಿನಿಂದ ಕಡಲಲ್ಲೇ ಇರುವ ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ನಿಷೇಧವಿದ್ದು ದಡದಲ್ಲಿರುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ಪ್ರವಾಸಿ ದೋಣಿ ಹೋಗುವುದಿಲ್ಲ. ಮಳೆ ಮುಗಿದ ಮಾತ್ರಕ್ಕೆ ಅಪಾಯ ಮುಗಿಯಿತು ಎಂದೂ ಅಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಿಕ್ಷಕಿಯಾಗಿ ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡಲಾಗಲಿಲ್ಲ.

ವಿದ್ಯಾರ್ಥಿಗಳೇ, ಇದೊಂದನ್ನು ನೆನಪಿಡಿ. ಕೆಂಪು ಬಾವುಟವಿದ್ದರೆ ಪಾದವನ್ನೂ ಅದ್ದಬೇಡಿ. ಎಂದಾದರೂ ನೀರಿನ ಸೆಳೆತಕ್ಕೆ ಸಿಕ್ಕಿದರೆ ನೇರವಾಗಿ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ತೇಲಿಕೊಂಡು ಕೈ ಎತ್ತಿ ಕೂಗಿ, ಆದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ದಡದಲ್ಲಿರುವವರು ಹಿಂದೆ ಮುಂದೆ ನೋಡದೆ ಧುಮುಕದೆ, ತೇಲುವ ವಸ್ತು ಎಸೆದು, ಜೀವರಕ್ಷಕರನ್ನು ಕರೆಯಬೇಕು.

ಹಾಗಾದರೆ ಮಳೆಗಾಲದಲ್ಲಿ ಹೋಗುವುದೇ ತಪ್ಪೇ? ಅಲ್ಲ. ಕಡಲನ್ನು ನೋಡಲು ಹೋಗಿ, ಇಳಿಯಲು ಬೇಡ. ಇಳಿಯಲೇಬೇಕೆಂದರೆ ಡಿಸೆಂಬರಿನ ರಜೆ ಇದೆ. ಆಗ ಕಾವಲಿರುವ ತೀರವನ್ನು ಹುಡುಕಬಹುದು. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ತೀರಗಳು 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದವು. ಆದರೆ ಆಗ ರೂಮಿನ ದರ ಏರಿರುತ್ತದೆ. ಹೆಚ್ಚು ಬಾಡಿಗೆಯೋ, ನೀರಿಗಿಳಿಯದ ರಜೆಯೋ, ಮಕ್ಕಳೇ ಕೂತು ತೂಗಿ ನೋಡಲಿ.

ನಾವು ಆಮೇಲೆ ಕಡಲಿಗೆ ಬೆನ್ನು ಹಾಕಿ ಊರು ನೋಡಿದೆವು. ಮಹಾಬಲೇಶ್ವರನ ದರ್ಶನ ಮಾಡಿ, ರಾವಣನಿಂದ ಗಣಪ ಆತ್ಮಲಿಂಗ ಇಳಿಸಿದ ಕತೆಯನ್ನು ಕೋಟಿತೀರ್ಥದ ಮೆಟ್ಟಿಲ ಮೇಲೆ ಕೊಡೆ ಹಿಡಿದೇ ಹೇಳಿದೆ. ಬೀದಿಯಲ್ಲಿ ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಹೆಂಗಸರು ತರಕಾರಿ ಮಾರುತ್ತಿದ್ದರು. ಹಾಡಿನ ಸುಕ್ರಿ ಬೊಮ್ಮಗೌಡ, ಮರ ಬೆಳೆಸಿದ ತುಳಸಿ ಗೌಡ, ಪದ್ಮಶ್ರೀ ಪಡೆದ ಈ ಇಬ್ಬರು ಅಜ್ಜಿಯರೂ ಇದೇ ಸಮುದಾಯದವರು, ಪಕ್ಕದ ಅಂಕೋಲಾ ತಾಲ್ಲೂಕಿನವರು ಎಂದಾಗ ಮಗಳು ಹೆಸರು ಬರೆದುಕೊಂಡಳು. ಮರುದಿನ ಬಸ್ಸಿನಲ್ಲಿ ಮಿರ್ಜಾನ್ ಕೋಟೆಗೆ ಹೋದೆವು. ಮಳೆಗೆ ಪಾಚಿಗಟ್ಟಿ ಇಡೀ ಕೋಟೆ ಹಸಿರಾಗಿತ್ತು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಮಗನಿಗೆ ಬಹಳ ಹಿಡಿಸಿತು.

ಹಾಸನಕ್ಕೆ ಮರಳುವ ರೈಲಿನಲ್ಲಿ ಮಗಳು ಲೆಕ್ಕ ಮುಗಿಸಿದಳು. ಮೀಸಲು ಎರಡು ಸಾವಿರದಲ್ಲಿ ನನ್ನ ಅವಸರಕ್ಕೆ ಹೋದದ್ದು 900, ಮರೆತ ತೆರಿಗೆಗೆ 360, ಇನ್ನೊಂದು ಕೊಡೆ 280, ಚಪ್ಪಲಿ 150. ಉಳಿದದ್ದು 310 ರೂಪಾಯಿ. ಮಗ ಐಸ್‌ಕ್ರೀಮ್ ಕೇಳುತ್ತಾನೆ ಎಂದುಕೊಂಡೆ. ಅವನು, “ಆ ಮೀನಿನ ಅಂಕಲ್‌ಗೆ ನಾವು ಏನೂ ಕೊಡಲಿಲ್ಲ ಅಲ್ವಾ ಅಮ್ಮಾ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಹಣವನ್ನು ಮಗಳು ಇನ್ನೂ ಒಂದು ಲಕೋಟೆಯಲ್ಲಿ ಇಟ್ಟಿದ್ದಾಳೆ. ಮೇಲೆ ‘ಗೋಕರ್ಣ’ ಎಂದು ಕನ್ನಡದಲ್ಲಿ ಬರೆದಿದ್ದಾಳೆ.

ಪೋಷಕರೇ, ಮುಂದಿನ ರಜೆಗೆ ಒಂದು ನೋಟ್‌ಪುಸ್ತಕ ಮತ್ತು ಒಂದು ಮೊತ್ತವನ್ನು ಮಕ್ಕಳ ಕೈಗೆ ಕೊಟ್ಟು ನೋಡಿ. ರೂಮು ಚಿಕ್ಕದಿರಲಿ, ಹಾಸಿಗೆ ತೆಳ್ಳಗಿರಲಿ. ಲೆಕ್ಕ ನೇರವಾಗಿರಲಿ, ಕಡಲಿನ ಮುಂದೆ ಎಚ್ಚರವಿರಲಿ. ಎಲ್ಲರಿಗೂ ಶುಭ ಪ್ರಯಾಣ!