ಬಾಡಿಗೆ ಶೂ, ಖಾಲಿ ಲೇನ್ (ಟೂರ್ ಸರಣಿ – 4)

ಮೊದಲನೇ ಫೋಟೋದಾಗ ಕಾಣೋ ಕೆಂಪು-ನೀಲಿ ಶೂ ನಂದಲ್ಲ, ಬಾಡಿಗೀದು. ಒಳಗಿನ ಸಾಕ್ಸ್ ಮಾತ್ರ ನಂದು. ಅದನ್ನೂ ಅಲ್ಲೇ ಕೌಂಟರ್‌ನಾಗ ಕೊಂಡಿದ್ದು, ಯಾಕಂದ್ರ ನಾನು ಹೋಗಿದ್ದು ಚಪ್ಪಲಿ ಹಾಕ್ಕೊಂಡು.

ಬೆಂಗಳೂರು ಟೂರ್‌ನಾಗ ನಾವು ಆರು ಮಂದಿ, ಇಂಡಿಯವರಿಬ್ಬರು, ಸಿಂದಗಿಯವರಿಬ್ಬರು, ಬಸವನ ಬಾಗೇವಾಡಿಯವ ಒಬ್ಬ, ಮುದ್ದೇಬಿಹಾಳದಾಕಿ ಒಬ್ಬಾಕಿ, ರೊಕ್ಕ ಕೂಡಿಸಿ ಬೌಲಿಂಗ್ ಆಡಾಕ ಹೋಗಿದ್ವಿ. ನನ್ನ ಮೊದಲ ನಾಕು ಎಸೆತ ಸೀದಾ ಪಕ್ಕದ ಗಟರ್‌ಗೆ! ಬಾಜೂ ಲೇನಿನವರು ನಕ್ಕರು. ಅದಕ್ಕೇನೂ ಬ್ಯಾಸರ ಆಗಲಿಲ್ಲ. ಬ್ಯಾಸರ ಆಗಿದ್ದು ನಮ್ಮವರೊಳಗೇ ಒಬ್ಬರು "ಇದು ನಮ್ಮಂಥವರ ಆಟ ಅಲ್ಲ ಬಿಡ್ರಿ" ಅಂದಾಗ. ಅದನ್ನ ಕೇಳಿದ ಮುದ್ದೇಬಿಹಾಳದಾಕಿ ಎತ್ತಿಕೊಂಡಿದ್ದ ಬಾಲ್ ವಾಪಸ್ ಇಟ್ಟು, ಎಲ್ಲರ ಫೋನ್ ಹಿಡಕೊಂಡು ಕೂತಳು. ಆಕಿ ಸರದಿ ಬಂದಾಗೆಲ್ಲ ಬ್ಯಾರೆಯವರು ಎಸೆದರು. ಪಾಲಿನ ರೊಕ್ಕ ಮಾತ್ರ ಆಕೀನೂ ಕೊಟ್ಟಿದ್ದಳು. ಆಕಿ ಯಾರು ಗೊತ್ತಲ್ಲ? ಕಾಲೇಜ್ ಸ್ಪೋರ್ಟ್ಸ್‌ನಾಗ ಗುಂಡು ಎಸೆತದಲ್ಲಿ ಫಸ್ಟ್ ಬಂದಾಕಿ.

ಹಂಗಾರ ಇದು ಯಾರಂಥವರ ಆಟ?

ಮೊದಲು ಆಟ ಏನಂತ ನೋಡ್ರಿ. ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ. ಬಾಲ್ ಹೆಚ್ಚಂದ್ರ 16 ಪೌಂಡ್, ಅಂದ್ರ ಏಳು ಕೇಜಿ ದಾಟತದ. ಸತತ 12 ಸ್ಟ್ರೈಕ್ ಬಿದ್ರ 300, ಅದೇ ಪೂರ್ಣ ಸ್ಕೋರ್. ಕಣ್ಣಿಗೆ ಕಾಣದ ಸಂಗತಿ ಅಂದ್ರ ಎಣ್ಣೆ. ಲೇನಿನ ಮೊದಲ ಭಾಗಕ್ಕ ಎಣ್ಣೆ ಹಚ್ಚಿರತಾರ, ಕೊನೆಗೆ ಒಣ ಬಿಟ್ಟಿರತಾರ. ತಿರುವಿ ಬಿಟ್ಟ ಬಾಲ್ ಎಣ್ಣೆ ಮ್ಯಾಲೆ ಜಾರಿ, ಒಣ ಜಾಗದಾಗ ಹಿಡಿತ ಸಿಕ್ಕು ಒಳಗೆ ಹೊರಳತದ. ನಮ್ಮಂಥ ಗಿರಾಕಿಗಳಿಗೆ ಸುಲಭ ಆಗೋ ಹಂಗ ಎಣ್ಣೆ ಹಚ್ಚತಾರ, ಟೂರ್ನಿಯೊಳಗ ಕಷ್ಟದ ವಿನ್ಯಾಸ. ಆಟ ಮುಂದುವರಿದಂಗ ಎಣ್ಣೆ ಸರಿದು ಲೇನಿನ ಗುಣನೇ ಬದಲಾಗತದ. ಅದನ್ನ ಓದೋದೇ ಪ್ರೊ ಆಟಗಾರರ ವಿದ್ಯೆ. ಇದು ಬರೇ ಬರ್ತ್‌ಡೇ ಪಾರ್ಟಿ ಆಟ ಅಲ್ಲ. 1978ರಲ್ಲೇ ಏಷ್ಯನ್ ಗೇಮ್ಸ್‌ಗೆ ಬಂದಿತ್ತು, 2018ರಲ್ಲೂ ಇತ್ತು.

ಈಗ ಜೇಸನ್ ಬೆಲ್ಮಾಂಟೆ ಅನ್ನೋ ಆಟಗಾರರ ಕಥಿ. ಆಸ್ಟ್ರೇಲಿಯಾದ ಆರೆಂಜ್ ಅನ್ನೋ ಸಣ್ಣ ಊರಿನವರು. ತಂದೆ-ತಾಯಿ ಅಲ್ಲೇ ಬೌಲಿಂಗ್ ಸೆಂಟರ್ ನಡೆಸ್ತಿದ್ರು. ಕೂಸಿದ್ದಾಗ ಬಾಲ್ ಒಂದು ಕೈಯಾಗ ಎತ್ತಾಕ ಆಗದೇ ಎರಡೂ ಕೈಲಿ ಎಸೀತಿದ್ರು. ದೊಡ್ಡವರಾದ ಮ್ಯಾಲೂ ಬಿಡಲಿಲ್ಲ. ಅಮೆರಿಕದ ಪಿಬಿಎ ಟೂರ್‌ನಾಗ ಅತಿ ಹೆಚ್ಚು ಮೇಜರ್ ಗೆದ್ದ ದಾಖಲೆ ಅದೇ ಎರಡು ಕೈಯಿಂದ ಬಂತು. ಸಣ್ಣ ಊರು ಅಡ್ಡ ಬರಲಿಲ್ಲ, ಯಾಕಂದ್ರ ಲೇನ್ ಮನಿಯವರದೇ ಇತ್ತು.

ನನ್ನ ಮಾತು ಇಷ್ಟೇ: ಆಟ ಯಾರ ರಕ್ತದಾಗೂ ಇರಲ್ಲ, ನೆಲ ಎಲ್ಲಿ ಸಿಗತದೋ ಅಲ್ಲಿ ಬೆಳೀತದ. ನಮ್ಮ ವಿಜಯಪುರ ಜಿಲ್ಲೆಯಿಂದ ಸೈಕ್ಲಿಸ್ಟ್‌ಗಳು ಬರತಾರಲ್ಲ, ಹೆದ್ದಾರಿ ಮ್ಯಾಲೆ ಸೈಕಲ್ ಹೊಡೆಯಾಕ ತಾಸಿಗೆ ಇಷ್ಟು ಅಂತ ಬಾಡಿಗೆ ಇಲ್ಲ. ಬೌಲಿಂಗ್‌ಗೆ ಪ್ರತಿ ಗೇಮಿಗೂ ಬಿಲ್. ದಿನಾ ಹತ್ತು ಗೇಮ್ ಪ್ರ್ಯಾಕ್ಟೀಸ್ ಅಂದ್ರ ತಿಂಗಳಿಗೆ ಎಷ್ಟಾತು ಅಂತ ನೀವೇ ಲೆಕ್ಕ ಹಾಕ್ರಿ.

ಹಂಗಂತ ಇಂಡಿಯೊಳಗ ಬೌಲಿಂಗ್ ಅಲ್ಲಿ ಕಟ್ಟಿಸ್ರಿ ಅನ್ನಲ್ಲ. ಕಾಸ್ಟ್ ಅಕೌಂಟಿಂಗ್ ಓದಿದವರು ನಾವು, ಆರು ತಿಂಗಳಿಗೆ ಮುಚ್ಚತದ ಅಂತ ಗೊತ್ತು. ಆದ್ರ ನಾವು ಹೋಗಿದ್ದು ವಾರದ ನಡುವೆ, ಮುಂಜಾನೆ. ಎಂಟು ಲೇನ್‌ನಾಗ ನಡೀತಿದ್ದದ್ದು ಎರಡೇ. ಉಳಿದ ಆರಕ್ಕೂ ಜಾಗದ ಬಾಡಿಗೆ, ಏಸಿ, ಪಗಾರ ತಪ್ಪಿದ್ದಲ್ಲ. ಇದು ಫಿಕ್ಸೆಡ್ ಕಾಸ್ಟ್. ಆ ಖಾಲಿ ತಾಸುಗಳನ್ನ ಸುತ್ತಲಿನ ಸರ್ಕಾರಿ ಶಾಲೆ, ಹಾಸ್ಟೆಲ್ ಮಕ್ಕಳಿಗೆ ಕಡಿಮೆ ದರಕ್ಕ ಕೊಟ್ರ ಹೆಚ್ಚಿನ ಖರ್ಚು ಸ್ವಲ್ಪೇ. ಹಂಗ ಮಾಡಿದ್ರ ಆಯ್ಕೆ ಆಗೋ ತಂಡ ಬಿಲ್ ಕಟ್ಟೋ ತಾಕತ್ತಿದ್ದವರದಷ್ಟೇ ಆಗಿ ಉಳಿಯಲ್ಲ.

ಇದರಿಂದ ಐನೂರು ಕಿಲೋಮೀಟರ್ ದೂರದ ಮುದ್ದೇಬಿಹಾಳದಾಕಿಗೆ ಏನು ಸಿಕ್ತು ಅಂತ ಕೇಳಬಹುದು. ಏನೂ ಇಲ್ಲ, ಒಪ್ಪತೀನಿ. ಆಕಿಗೆ ಅವತ್ತು ಬೇಕಾಗಿದ್ದು ಒಂದೇ ಎಸೆತ. ಅದನ್ನ ಕಿತ್ತುಕೊಂಡದ್ದು ಮಾಲ್‌ನವರಲ್ಲ, ನಾವು. ಆ ಮಾತು ಅಂದವರು ಒಬ್ಬರು, ಸುಮ್ಮನೆ ನಿಂತವರು ನಾಕು ಮಂದಿ. ಅದರಾಗ ನಾನೂ ಒಬ್ಬಾಕಿ.

ಕೊನೇ ಫೋಟೋ ನೋಡ್ರಿ. ಎಲ್ಲರೂ ನಗಾಕತ್ತೀವಿ, ಆಕಿ ಇಲ್ಲ. ಯಾಕಂದ್ರ ಫೋಟೋ ತೆಗೆದಾಕಿ ಆಕಿನೇ.

ಮುಂದಿನ ಸಲ ಎಲ್ಲೇ ಹೋಗ್ರಿ, ಹೊಸದು ಯಾವುದೇ ಇರಲಿ, ಮೊದಲ ಎಸೆತ ಹಿಂದ ಸರಿದು ಕೂತವರಿಗೆ ಕೊಡ್ರಿ. ಗಟರ್‌ಗೆ ಹೋದ್ರ ಹೋಗಲಿ.

ನಿಮಗೂ ಯಾರರ "ನಮ್ಮಂಥವರದಲ್ಲ" ಅಂದಿದ್ದು ಇದ್ರ ಕೆಳಗ ಬರೀರಿ. ಎಲ್ಲಾನೂ ಓದತೀನಿ.

#ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಬಿಕಾಂಹುಡುಗಿ