ಅತಿಥಿಯ ಪೆಟ್ಟಿಗೆ

ಸೌದಿ ಅರೇಬಿಯಾ ದೇಶವು ಕೇವಲ ವಿಹಾರಾರ್ಥವಾಗಿ ಬರುವ ಪರದೇಶೀಯರಿಗೆ ೨೦೧೯ನೆಯ ಇಸವಿಯ ಸೆಪ್ಟೆಂಬರಿನಲ್ಲಿ ತನ್ನ ಬಾಗಿಲನ್ನು ತೆರೆಯಿತು. ಅದಕ್ಕೆ ಮುಂಚೆ ಅಲ್ಲಿಗೆ ಹೋಗುತ್ತಿದ್ದವರು ಬಹುಮಟ್ಟಿಗೆ ಮಕ್ಕಾ ಯಾತ್ರಿಕರು, ಉದ್ಯೋಗಸ್ಥರು, ವ್ಯಾಪಾರಿಗಳು, ಮತ್ತು ಇವರ ಬಂಧುಗಳು. ಈಗ ಹೆಗ್ರಾದ ಬಂಡೆಗಳಲ್ಲಿ ನಬಾತೀಯರು ಕೊರೆದ ಸಮಾಧಿಗಳನ್ನು ನೋಡಬೇಕೆಂಬ ಕುತೂಹಲಿಗಳೂ, ರಿಯಾದಿನಲ್ಲಿಯೋ ದಮ್ಮಾಮಿನಲ್ಲಿಯೋ ಕೆಲಸದಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬರಬೇಕೆಂಬ ತಾಯಿತಂದೆಗಳೂ ಕನ್ನಡನಾಡಿನಿಂದ ಹೊರಡುತ್ತಿದ್ದಾರೆ. ಹೊರಡುವುದು ಒಳ್ಳೆಯದೇ. ಆದರೆ ಪೆಟ್ಟಿಗೆ ತುಂಬುವ ಸಮಯದಲ್ಲಿ ಓದುಬರಹ ಬಲ್ಲ ಮನೆಗಳಲ್ಲಿಯೇ ನಡೆಯುವ ಅವಿಚಾರವನ್ನು ನೋಡಿದರೆ, ವಿದ್ಯೆಯೆಂಬುದು ಪೆಟ್ಟಿಗೆಯ ಹೊರಗೇ ನಿಂತುಬಿಡುವುದೋ ಏನೋ ಎಂದು ಸಂದೇಹವಾಗುತ್ತದೆ.

ಮೊದಲನೆಯ ಪೂರ್ವಪಕ್ಷವು ಎಳೆಯರದು. ಮರುಭೂಮಿಯೆಂದರೆ ಬಿಸಿಲು, ಬಿಸಿಲಿನಲ್ಲಿ ಬಟ್ಟೆ ಕಡಿಮೆಯಾದಷ್ಟೂ ತಂಪು, ಆದುದರಿಂದ ತುಂಡುತೋಳಿನ ಅಂಗಿ, ಮೊಣಕಾಲಿನ ಮೇಲಿನ ಚಡ್ಡಿ, ಇವೇ ಪೆಟ್ಟಿಗೆಗೆ ತಕ್ಕವು, ಅಲ್ಲಿನ ಜನರು ಮೈತುಂಬ ಬಟ್ಟೆ ತೊಡುವುದಕ್ಕೆ ಮತಾಚಾರದ ಕಟ್ಟಲ್ಲದೆ ಬೇರೆ ಕಾರಣವಿಲ್ಲ, ಎಂದು ಅವರ ವಾದ. ತರ್ಕವನ್ನೋದಿದವರು ಈ ಅನುಮಾನದಲ್ಲಿ ವ್ಯಾಪ್ತಿಯೇ ಇಲ್ಲವೆಂದು ಕೂಡಲೆ ಹೇಳುವರು. ಬಟ್ಟೆ ಕಡಿಮೆಯಾದರೆ ತಂಪೆಂಬುದು ಮಂಗಳೂರಿನ ಜಗುಲಿಯ ನೆರಳಿನಲ್ಲಿ ಕುಳಿತವನಿಗೆ ನಿಜ. ಅಲ್ಲಿ ಗಾಳಿಯು ಸಾಮಾನ್ಯವಾಗಿ ಮೈಗಿಂತ ತಣ್ಣಗಿರುತ್ತದೆ. ರಿಯಾದಿನ ಜುಲೈ ತಿಂಗಳ ನಡುಹಗಲಿನಲ್ಲಿಯಾದರೋ ಉಷ್ಣತೆಯು ೪೩, ೪೪ ಡಿಗ್ರಿಗಳವರೆಗೆ ಏರುತ್ತದೆ. ಮನುಷ್ಯನ ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಶಾಖವು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುವುದೆಂಬುದನ್ನು ಶಾಲೆಯ ಹುಡುಗನೂ ಬಲ್ಲನು. ಹೀಗಿರಲು ಅಲ್ಲಿ ಬರಿಮೈಯು ಬಿಸಿಲಿನಿಂದಲೂ ಗಾಳಿಯಿಂದಲೂ ಶಾಖವನ್ನು ಒಳಕ್ಕೆ ಕುಡಿಯುವುದೇ ಹೊರತು ಹೊರಕ್ಕೆ ಬಿಡುವುದಿಲ್ಲ. ಮೈಯನ್ನು ತಣಿಸುವುದಕ್ಕೆ ಉಳಿಯುವ ದಾರಿ ಬೆವರೊಂದೇ. ಸಡಿಲವಾದ ಉದ್ದನೆಯ ವಸ್ತ್ರವು ಬಿಸಿಲಿಗೆ ಮರೆಯಾಗಿ ನಿಂತು, ಒಳಗೆ ಗಾಳಿಯಾಡಿಸಿ, ಆ ಬೆವರನ್ನು ಮೈಮೇಲೆಯೇ ಹದವಾಗಿ ಆರಿಸುತ್ತದೆ. ಬೆದೂಯಿನರು ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿಯನ್ನೇಕೆ ತೊಡುವರೆಂಬ ಪ್ರಶ್ನೆಯನ್ನು ಹಿಡಿದು ಕೆಲವು ವಿಜ್ಞಾನಿಗಳು ಮರುಭೂಮಿಯಲ್ಲಿಯೇ ಪರೀಕ್ಷೆ ನಡೆಸಿ, ಅದರ ಫಲವನ್ನು ೧೯೮೦ರಲ್ಲಿ 'ನೇಚರ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರುವುದು ನಿಜವಾದರೂ, ಆ ಹೆಚ್ಚಿನ ಭಾಗವು ಚರ್ಮವನ್ನು ಮುಟ್ಟುವುದಕ್ಕೆ ಮೊದಲೇ ಗಾಳಿಯ ಪಾಲಾಗುವುದೆಂದೂ, ಕಪ್ಪು ನಿಲುವಂಗಿಯವನಿಗೂ ಬಿಳಿಯದರವನಿಗೂ ತಗಲುವ ಶಾಖವು ಸಮಾನವೆಂದೂ ಅವರು ಕಂಡರು.

ಇದನ್ನು ತಿಳಿಯುವುದಕ್ಕೆ ಅರಬರ ನಾಡಿಗೇ ಹೋಗಬೇಕಾದುದಿಲ್ಲ. ವೈಶಾಖದ ಬಿಸಿಲಿನಲ್ಲಿ ರಾಯಚೂರಿನ ಹೊಲದಲ್ಲಿ ನಿಂತ ರೈತನು ತಲೆಗೆ ದೊಡ್ಡ ರುಮಾಲು ಸುತ್ತಿರುತ್ತಾನೆ, ತುಂಬುತೋಳಿನ ಅಂಗಿ ತೊಟ್ಟಿರುತ್ತಾನೆ, ಧೋತರವುಟ್ಟಿರುತ್ತಾನೆ. ಅವನನ್ನು ಯಾವ ಮತಾಚಾರವೂ ಕಟ್ಟಿಹಾಕಿಲ್ಲ. ಬಿಸಿಲೇ ಅವನ ಗುರು. ವೈದ್ಯಶಾಸ್ತ್ರವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಭಾಗಿಸಿ, ಒಂದೊಂದಕ್ಕೂ ಬೇರೆಬೇರೆ ಉಪಚಾರವನ್ನು ಹೇಳಿದುದು ಸುಮ್ಮನೆ ಅಲ್ಲ. ನೀರು ಕಡಿಮೆಯಾದ ಜಾಂಗಲದೇಶಕ್ಕೆ ಹೊರಟವನು ಆನೂಪದ ಅಭ್ಯಾಸವನ್ನು ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಹೋಗಬಾರದು.

ಹಾಗೆಂದು ಆ ದೇಶವೆಲ್ಲ ಒಂದೇ ತೆರನೂ ಅಲ್ಲ. ಕೆಂಪು ಸಮುದ್ರದ ದಡದ ಜೆದ್ದಾದಲ್ಲಿ ಗಾಳಿಯು ತೇವದಿಂದ ಕೂಡಿ ಬೆವರು ಆರುವುದೇ ಇಲ್ಲ. ಅಲ್ಲಿ ತೆಳುವಾದ ಹತ್ತಿಯ ಬಟ್ಟೆಗಳ ಜೊತೆಗಳು ಹೆಚ್ಚಾಗಿರಬೇಕು. ಸುಮಾರು ೬೦೦ ಮೀಟರು ಎತ್ತರದ ರಿಯಾದಿನಲ್ಲಿ ಬೆವರು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಆರಿಹೋಗುವುದರಿಂದ, ಬೆವರಲಿಲ್ಲವೆಂದು ನೀರು ಕುಡಿಯದೆ ಮೋಸಹೋಗುವ ಮುದುಕರು ಉಂಟು. ಉಪ್ಪುಸಕ್ಕರೆಯ ಪುಡಿಯ ಪೊಟ್ಟಣಗಳು ಅವರಿಗೆ ಬೆಳ್ಳಿಯ ತಟ್ಟೆಗಿಂತ ಹೆಚ್ಚು ಬೆಲೆಯುಳ್ಳವು. ಚಳಿಗಾಲದ ರಾತ್ರಿಗಳಲ್ಲಿ ಅದೇ ಊರಿನಲ್ಲಿ ಉಷ್ಣತೆಯು ೧೦ ಡಿಗ್ರಿಗಿಂತ ಕೆಳಕ್ಕೆ ಇಳಿಯುವುದುಂಟು. ಬೇಸಗೆಯಲ್ಲಿಯೂ ಯಂತ್ರದಿಂದ ತಣಿಸಿದ ಅಂಗಡಿಗಳೊಳಗೆ ಹೊಕ್ಕರೆ ಶಾಲು ಹೊದೆಯಬೇಕಾಗುತ್ತದೆ. ಮರುಭೂಮಿಗೆ ಉಣ್ಣೆಯ ಬಟ್ಟೆಯೇಕೆಂದು ನಗುವವರು ಹೋಗಿಬಂದ ಮೇಲೆ ನಗುವುದಿಲ್ಲ.

ಬಿಸಿಲಿನ ವಾದದಲ್ಲಿ ಸೋತವರು ಸ್ವಾತಂತ್ರ್ಯದ ವಾದವನ್ನು ಎತ್ತುವರು. ನನ್ನ ಮೈ, ನನ್ನ ಬಟ್ಟೆ. ಇನ್ನೊಬ್ಬರ ದೇಶದ ಕಟ್ಟಳೆಗೆ ನಾನೇಕೆ ತಲೆಬಾಗಬೇಕು, ಎಂದು. ಹೀಗೆನ್ನುವವರೇ ಉಡುಪಿಯ ಕೃಷ್ಣಮಠಕ್ಕೆ ಹೋದಾಗ ಮಾತಿಲ್ಲದೆ ಅಂಗಿ ಕಳಚಿ ಒಳಗೆ ಹೋಗುತ್ತಾರೆ. ಅಲ್ಲಿ ಕಳಚುವುದು ಮರ್ಯಾದೆ, ಇಲ್ಲಿ ತೊಡುವುದು ಮರ್ಯಾದೆ. ಎರಡನ್ನೂ ಗೊತ್ತುಮಾಡುವವನು ಮನೆಯವನೇ ಹೊರತು ಬಂದವನಲ್ಲ. ದೇಶಾಚಾರಕ್ಕೆ ಧರ್ಮಶಾಸ್ತ್ರಕಾರರು ಪ್ರಾಮಾಣ್ಯವನ್ನು ಕೊಟ್ಟಿರುವುದು ಎಲ್ಲರೂ ಬಲ್ಲ ವಿಷಯ. ಅತಿಥಿಯನ್ನು ಸತ್ಕರಿಸಬೇಕೆಂದು ಮಕ್ಕಳಿಗೆ ಬಾಲ್ಯದಿಂದ ಹೇಳಿಕೊಡುವ ಮನೆಗಳಲ್ಲಿ, ಅತಿಥಿಯಾಗಿ ಹೋದವನ ಕರ್ತವ್ಯವೇನೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಸಾರ್ವಜನಿಕ ಸಭ್ಯತೆಯ ಕಟ್ಟಳೆಯು ಅಲ್ಲಿ ೨೦೧೯ರಿಂದ ಬರಹದಲ್ಲಿಯೇ ಇದೆ. ಅದನ್ನು ಮೀರಿದವರಿಗೆ ದಂಡವಿದೆ. ಪರದೇಶದ ಹೆಂಗಸರು ಅಬಾಯಾ ಎಂಬ ಕಪ್ಪು ನಿಲುವಂಗಿಯನ್ನು ತೊಡಲೇಬೇಕೆಂಬ ನಿರ್ಬಂಧವು ಈಗಿಲ್ಲ. ಭುಜವೂ ಮೊಣಕಾಲೂ ಮುಚ್ಚಿ, ಬಿಗಿಯಲ್ಲದ ಉಡುಪಿನಲ್ಲಿದ್ದರೆ ಸಾಕು. ಸೀರೆಯುಡುವವರು ನಡು ಮುಚ್ಚುವಷ್ಟು ಉದ್ದದ ರವಿಕೆಗಳನ್ನು ಹೊಲಿಸಿಕೊಂಡರೆ, ಅಥವಾ ಮೇಲೊಂದು ಸಡಿಲವಾದ ಅಂಗಿಯನ್ನು ಹಾಕಿಕೊಂಡರೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಕಟ್ಟಳೆಯ ಭಾರವು ಗಂಡಸರಿಗಿಂತ ಹೆಂಗಸರ ಮೇಲೆಯೇ ಹೆಚ್ಚಾಗಿ ಬೀಳುವುದೆಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಅದು ನಿಜವೇ. ಆದರೆ ಆ ಭಾರವನ್ನು ಇಳಿಸುವುದಕ್ಕಾಗಿ ಸೆರೆಮನೆಯನ್ನು ಕಂಡವರು ಆ ನಾಡಿನ ಹೆಂಗಸರು. ಹೆಂಗಸರು ಕಾರು ನಡೆಸಬಾರದೆಂಬ ನಿಷೇಧವು ೨೦೧೮ರ ಜೂನಿನಲ್ಲಿ ರದ್ದಾಯಿತು; ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಲೂಜೈನ್ ಅಲ್ ಹಥ್ಲೂಲ್ ಎಂಬಾಕೆಯನ್ನು ಅದರ ಹಿಂದಿನ ತಿಂಗಳಿನಲ್ಲಿಯೇ ಬಂಧಿಸಿದರು, ೨೦೨೧ರ ಫೆಬ್ರವರಿಯವರೆಗೆ ಬಿಡಲಿಲ್ಲ. ಹತ್ತು ದಿನಗಳ ವಿಹಾರಕ್ಕೆ ಹೋಗಿ ತುಂಡು ಲಂಗ ತೊಟ್ಟು ಚಿತ್ರ ತೆಗೆಸಿಕೊಂಡು ಬರುವುದನ್ನು ಇಂಥವರ ಸಾಹಸದ ಪಕ್ಕದಲ್ಲಿಟ್ಟು ಹೆಮ್ಮೆಪಡುವುದು ನಗೆಪಾಟಲು. ಇನ್ನೊಂದು ಮಾತು. ಹೆಂಡತಿಯ ಪೆಟ್ಟಿಗೆಯನ್ನು ಬಿಡಿಸಿ, ಇದು ಅಲ್ಲಿ ನಡೆಯದು, ಅದು ಅಲ್ಲಿ ಕೂಡದು ಎಂದು ಒಂದೊಂದಾಗಿ ತೆಗೆದಿಡುವ ಯಜಮಾನರು, ತಮ್ಮ ಪಾಲಿಗೆ ಮಾತ್ರ ಮೂರು ಚಡ್ಡಿಗಳನ್ನು ಮಡಿಸಿಟ್ಟುಕೊಳ್ಳುವುದು ಹಲವು ಮನೆಗಳಲ್ಲಿ ಕಂಡುಬರುವ ಸಂಗತಿ. ಸಭ್ಯತೆಯ ಕಟ್ಟಳೆ ಗಂಡಸರಿಗೂ ಉಂಟು. ಅರಬ ಗಂಡಸು ತಾನೇ ಕುತ್ತಿಗೆಯಿಂದ ಪಾದದವರೆಗೆ ಥೋಬು ತೊಟ್ಟು ತಲೆಗೆ ವಸ್ತ್ರ ಹೊದೆದಿರುವಾಗ, ಅವನೆದುರಿಗೆ ರೋಮಭರಿತವಾದ ಮೊಣಕಾಲನ್ನು ತೋರಿಸುತ್ತ ನಿಲ್ಲುವ ಗೃಹಸ್ಥನು ಹೆಂಡತಿಗೆ ಉಪದೇಶ ಮಾಡುವ ಅಧಿಕಾರವನ್ನು ಎಲ್ಲಿಂದ ಪಡೆದನು?

ಎಳೆಯರ ತಪ್ಪು ಇಷ್ಟಾಯಿತು. ಇದು ದಂಡ ತೆತ್ತರೆ ತೀರುವ ತಪ್ಪು. ಹಿರಿಯರ ತಪ್ಪು ಇದಕ್ಕಿಂತ ಘೋರವಾದುದು; ಏಕೆಂದರೆ ಅದು ವಾತ್ಸಲ್ಯದ ವೇಷದಲ್ಲಿ ಬರುತ್ತದೆ. ಮಗನು ಮೂರು ವರ್ಷಗಳಿಂದ ಗಸಗಸೆ ಪಾಯಸವನ್ನು ಉಂಡಿಲ್ಲವೆಂದು ತಾಯಿಯು ಅರ್ಧ ಸೇರು ಗಸಗಸೆಯನ್ನು ಬಟ್ಟೆಯ ಗಂಟು ಕಟ್ಟಿ ಸೀರೆಯ ಮಡಿಕೆಯೊಳಗೆ ಇಡುತ್ತಾಳೆ. ಗಸಗಸೆಯು ಅಫೀಮಿನ ಗಿಡದ ಬೀಜ. ಬೀಜದಲ್ಲಿ ಮದ್ದಿನ ಅಂಶವು ಅತ್ಯಲ್ಪವಾದರೂ, ಕಾಯಿಯ ಹಾಲಿನ ಲೇಶವು ಅದಕ್ಕೆ ಅಂಟಿಕೊಂಡಿರಬಹುದು. ಸೌದಿ ಅರೇಬಿಯಾದಲ್ಲಿಯೂ ನೆರೆಯ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ಅದು ನಿಷಿದ್ಧ ವಸ್ತು. ಅಡುಗೆಯ ಸಾಮಾನಿಗೆ ಇಂಥ ಕಟ್ಟೇ ಎಂದು ಮೂಗಿನ ಮೇಲೆ ಬೆರಳಿಡುವವರು, ಭಾರತದಲ್ಲಿಯೂ ಆ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಭಾಗಗಳಲ್ಲಿ ಸರಕಾರದ ಅಪ್ಪಣೆಯಿಲ್ಲದೆ ಬೆಳೆಯಕೂಡದೆಂಬುದನ್ನು ನೆನೆಯಬೇಕು. ಗಂಟನ್ನು ಅಡಗಿಸಿಟ್ಟುದು ಅಡಗಿಸಬೇಕೆಂದಲ್ಲ, ಚೆಲ್ಲಬಾರದೆಂದು. ಆದರೆ ಸುಂಕದ ಕಟ್ಟೆಯ ಅಧಿಕಾರಿಯು ತಾಯಿಯ ಮನಸ್ಸನ್ನು ಓದಲಾರನು, ಸೀರೆಯ ಮಡಿಕೆಯನ್ನು ಮಾತ್ರ ಬಿಚ್ಚಬಲ್ಲನು. ಮಾದಕವಸ್ತುಗಳನ್ನು ಸಾಗಿಸಿದವರಿಗೆ ಮರಣದಂಡನೆಯನ್ನು ವಿಧಿಸುವ ದೇಶವದು. ಸ್ವಲ್ಪ ಕಾಲ ತಡೆದಿದ್ದ ಆ ದಂಡನೆಯನ್ನು ೨೦೨೨ರ ನವೆಂಬರಿನಲ್ಲಿ ಮತ್ತೆ ಜಾರಿಗೆ ತಂದಿದೆ. ಪಾಯಸದ ಗಂಟಿಗೆ ಆ ಶಿಕ್ಷೆಯಾಗದಿರಬಹುದು. ಭಾಷೆ ತಿಳಿಯದ ಊರಿನ ಠಾಣೆಯಲ್ಲಿ ಅರುವತ್ತೈದು ವರ್ಷದ ತಾಯಿಯೊಬ್ಬಳು ಒಂದು ರಾತ್ರಿ ಕುಳಿತರೂ ಸಾಲದೇ?

ಔಷಧಿಗಳ ವಿಷಯವೂ ಇಂಥದೇ. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಹಳೆಯ ಡಬ್ಬಿಯೊಂದಕ್ಕೆ ಒಟ್ಟಾಗಿ ಸುರಿದುಕೊಂಡು ಹೋಗುವ ಅಭ್ಯಾಸವು ಹಿರಿಯರಲ್ಲಿ ಬಹಳ. ಕೆಮ್ಮಿನ ಕೆಲವು ಕಷಾಯಗಳಲ್ಲಿ ಕೋಡೀನು ಇರುತ್ತದೆ, ಅದು ಅಫೀಮಿನ ಮಗು. ನೋವಿನ ಕೆಲವು ಮಾತ್ರೆಗಳು, ನಿದ್ರೆಯ ಮಾತ್ರೆಗಳು ಅಲ್ಲಿ ಮುಂಚಿತವಾದ ಅನುಮತಿಯಿಲ್ಲದೆ ಕೂಡವು. ಅಂಗಡಿಯ ಹೆಸರುಪಟ್ಟಿಯೊಡನೆ ಮೂಲದ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಹಿತವಾಗಿ, ಪ್ರಯಾಣಕ್ಕೆ ಸಾಲುವಷ್ಟನ್ನು ಮಾತ್ರ ಒಯ್ಯುವುದೇ ಯುಕ್ತ. ಪೆಟ್ಟಿಗೆಯ ತಳದಲ್ಲಿ ಸೀಸೆಯನ್ನು ಬಚ್ಚಿಡುವ ರಸಿಕರ ವಿಷಯವಾಗಿ ಇಲ್ಲಿ ಬರೆಯುವುದು ಕಾಗದದ ನಷ್ಟ.

ಕಡೆಯದಾಗಿ ನೆರೆಯವರ ಗಂಟು. ಪ್ರಯಾಣದ ಹಿಂದಿನ ಸಂಜೆ ಯಾರೋ ಬಂದು, ತಮ್ಮ ಅಳಿಯನೂ ಅದೇ ಊರಿನಲ್ಲಿರುವನೆಂದೂ, ಈ ಒಂದು ಪೊಟ್ಟಣವನ್ನು ಮುಟ್ಟಿಸಬೇಕೆಂದೂ ಕೈಮುಗಿಯುತ್ತಾರೆ. ಒಲ್ಲೆನೆನ್ನುವುದು ದಾಕ್ಷಿಣ್ಯಕ್ಕೆ ವಿರೋಧ, ಬಿಚ್ಚಿ ತೋರಿಸಿರೆನ್ನುವುದು ಸ್ನೇಹಕ್ಕೆ ಅಪಚಾರವೆಂದು ಗೃಹಸ್ಥರು ಭಾವಿಸುವರು. ವಿಮಾನನಿಲ್ದಾಣದಲ್ಲಿ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿರುವುದು ಅಳಿಯನ ಹೆಸರಲ್ಲ. ಪೊಟ್ಟಣವನ್ನು ಅವರೆದುರಿಗೇ ಬಿಚ್ಚಿ, ಹಪ್ಪಳವಿದ್ದರೆ ಇಟ್ಟುಕೊಂಡು, ಹೆಸರಿಲ್ಲದ ಪುಡಿ, ಬೇರು, ಬೀಜಗಳಿದ್ದರೆ ಕೈಗೇ ಹಿಂದಿರುಗಿಸಬೇಕು. ಅವರು ಮುನಿದರೆ ಮುನಿಯಲಿ. ಗಸಗಸೆಯ ಡಬ್ಬಿಯು ಊರಿನ ಅಡುಗೆಮನೆಯಲ್ಲಿಯೇ ಇರಲಿ, ಮಗನು ರಜದಲ್ಲಿ ಬಂದಾಗ ಆಗುತ್ತದೆ. ರಿಯಾದಿನಲ್ಲಿ ಹೆಸರುಬೇಳೆಯೂ ಬೆಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ. ಆ ಎರಡು ತಿಂಗಳು ಹೆಸರುಬೇಳೆಯ ಪಾಯಸವನ್ನೇ ಮಾಡಬಹುದು.