ಕಡಿಯುವ ಹಲ್ಲಿನ ಬೆನ್ನು

ಗದಗಿನ ತ್ರಿಕೂಟೇಶ್ವರನ ಸನ್ನಿಧಿಯಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನಾಗಲಿ, ಸಮೀಪದ ಲಕ್ಕುಂಡಿಯ ಗುಡಿಗಳ ಕಂಬಗಳನ್ನಾಗಲಿ ಕಂಡವರು ಅವುಗಳ ನಯಕ್ಕೆ ಬೆರಗಾಗದೆ ಇರಲಾರರು. ಕಲ್ಯಾಣ ಚಾಲುಕ್ಯರ ಕಾಲದ ಇಂತಹ ಅನೇಕ ಕಂಬಗಳನ್ನು ತಿರುಗುಯಂತ್ರದ ನೆರವಿನಿಂದ ಕಡೆದರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಶಿಲೆ ತಿರುಗಬೇಕು, ಉಳಿ ನಿಲ್ಲಬೇಕು; ಇಂದಿನ ಲೇಥಿನ ಧರ್ಮವೂ ಇದೇ. ತನ್ನ ಮುಂದೆ ಬಂದುದನ್ನು ದುಂಡಗೆ ಮಾಡುವುದೇ ಅದರ ಸ್ವಭಾವ. ಆದರೆ ದುಂಡಗಾಗಬಾರದ ವಸ್ತುವನ್ನೂ ಅದರಿಂದಲೇ ಪಡೆಯಬೇಕಾದ ಪ್ರಸಂಗವುಂಟು. ಹಲ್ಲುಗಾಲಿಯ ಹಲ್ಲುಗಳನ್ನು ಕಡಿಯುವ ಕಟರು ಅಂತಹ ವಸ್ತು.

ಹತ್ತಿಯ ಸುಗ್ಗಿಯಲ್ಲಿ ಗದಗ-ಬೆಟಗೇರಿಯ ಹಳೆಯ ಜಿನ್ನಿಂಗ್ ಯಂತ್ರವೊಂದರ ಗಾಲಿ ಮುರಿಯಿತೆಂದು ಊಹಿಸಬಹುದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಶೇಂಗಾ ಸುಲಿಯುವ ಯಂತ್ರಕ್ಕೂ ಇದೇ ಗತಿ ಒದಗಬಹುದು. ಗಾಲಿ ಅಂಗೈಯಗಲದ್ದು. ಆದರೆ ಅದು ನಿಂತರೆ ಯಂತ್ರ ನಿಂತಿತು. ಯಂತ್ರ ನಿಂತರೆ ಆಳುಗಳ ಕೂಲಿ ನಿಂತಿತು. ಮಾಲು ತಂದ ರೈತನ ಹಣವೂ ತಡವಾಯಿತು.

ಮಿಸ್ತ್ರಿ ಮುರಿದ ಗಾಲಿಯನ್ನು ಅಳೆಯುತ್ತಾನೆ. ಹಲ್ಲು 40, ಹೊರವ್ಯಾಸ 4.2 ಇಂಚು. ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಹೊರವ್ಯಾಸದಿಂದ ಭಾಗಿಸಿದರೆ 10 ಬರುತ್ತದೆ. ಇದು ಇಂಚಿನ ಲೆಕ್ಕದ 10 ಡಯಾಮೆಟ್ರಲ್ ಪಿಚ್. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಮಿಲಿಮೀಟರಿನ ಮಾಡ್ಯೂಲ್ ಲೆಕ್ಕ. ಅದರಂತೆ ಈ ಗಾಲಿ 2.54, ಹತ್ತಿರದ ಕಟರು 2.5. ಅಂತರ ಅಲ್ಪವೆಂದು ತೋರಿದರೂ ಹಳೆಯ ಗಾಲಿಗಳಲ್ಲಿ ಅನೇಕವು 14½ ಡಿಗ್ರಿ ಒತ್ತುಕೋನದವು, ಹೊಸವು ಸಾಮಾನ್ಯವಾಗಿ 20 ಡಿಗ್ರಿಯವು. ಇಂತಹ ಎರಡನ್ನು ಜೋಡಿಸಿದರೆ ಅವು ಹೊಂದಿ ನಡೆಯುವ ಬದಲು ಅರಚುತ್ತ ಸವೆಯುತ್ತವೆ. ತಕ್ಕ ಕಟರು ದೊರೆಯದಿದ್ದರೆ ಅದನ್ನು ತಾನೇ ಮಾಡಿಕೊಳ್ಳದೆ ಗತ್ಯಂತರವಿಲ್ಲ.

ಕಷ್ಟವಿರುವುದು ಇಲ್ಲಿಯೇ. ಕಟರಿನ ಪ್ರತಿಯೊಂದು ಹಲ್ಲಿನ ಮುಖ ಲೋಹವನ್ನು ಕಡಿಯುತ್ತದೆ. ಅದರ ಬೆನ್ನು ಕ್ರಮವಾಗಿ ಕೇಂದ್ರದತ್ತ ಇಳಿದಿರಬೇಕು. ಇಳಿಯದಿದ್ದರೆ ಬೆನ್ನು ಲೋಹಕ್ಕೆ ಉಜ್ಜಿ ಕಾಯುತ್ತದೆ, ಕಡಿತ ನಿಲ್ಲುತ್ತದೆ. ಇಳಿಜಾರಿನುದ್ದಕ್ಕೂ ಹಲ್ಲಿನ ಆಕಾರ ಒಂದೇ ಆಗಿದ್ದರೆ ಮತ್ತೊಂದು ಲಾಭವುಂಟು: ಕಟರು ಮೊಂಡಾದಾಗ ಮುಖಕ್ಕಷ್ಟೇ ಸಾಣೆ ಹಿಡಿದರೆ ಸಾಕು, ಆಕಾರ ಕೆಡದು. ಅಮೆರಿಕದ ಜೋಸೆಫ್ ಆರ್. ಬ್ರೌನ್ ಇಂತಹ ಕಟರಿಗೆ 1864ರಲ್ಲಿ ಪೇಟೆಂಟ್ ಪಡೆದನು.

ಬೆನ್ನನ್ನು ಹೀಗೆ ಇಳಿಸಲು ಲೇಥಿಗೆ ಜೋಡಿಸುವ ಸಾಧನವೇ ರಿಲೀವಿಂಗ್ ಅಟ್ಯಾಚ್‌ಮೆಂಟ್. 12 ಹಲ್ಲಿನ ಕಟರಿಗೆ ಮೊದಲು 12 ಸೀಳುಗಳನ್ನು ಮಾಡಿಕೊಂಡಿರುತ್ತಾರೆ. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಕ್ಯಾಮಿನ ಒತ್ತಡದಿಂದ ಉಳಿ 12 ಸಲ ನಿಧಾನವಾಗಿ ಒಳಸರಿಯಬೇಕು. ಪ್ರತಿ ಸೀಳು ಎದುರಾದಾಗ ಸ್ಪ್ರಿಂಗಿನ ಬಲದಿಂದ ಥಟ್ಟನೆ ಹಿಂದಕ್ಕೆ ಬರಬೇಕು.

ಗುಜರಿಯಲ್ಲಿ ಇಂತಹ ಸಾಧನ ಅಗ್ಗವಾಗಿ ದೊರೆತರೆ ಹಿಗ್ಗುವವರಿದ್ದಾರೆ. ಆದರೆ ಹಿಗ್ಗಿಗೆ ಮುನ್ನ ಪರೀಕ್ಷೆಯಾಗಬೇಕು. ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದ ಮೇಲೆ ಮೂರು ದೋಷಗಳು ಬಯಲಾಗಬಹುದು. ಉಳಿಯನ್ನು ಹೊತ್ತ ಜಾರುಪೀಠ ಸಡಿಲವಾಗಿದ್ದರೆ ಹಲ್ಲುಗಳ ಮೇಲೆ ಅದುರಿದ ಗುರುತು ಮೂಡುತ್ತದೆ. ಸ್ಪ್ರಿಂಗ್ ಸೊರಗಿದ್ದರೆ ಉಳಿ ಸಕಾಲಕ್ಕೆ ಹಿಂದಿರುಗದೆ ಮುಂದಿನ ಹಲ್ಲಿನ ಮೊನೆಯನ್ನೇ ಕಚ್ಚುತ್ತದೆ. ಕ್ಯಾಮಿನ ಮೂಗು ಸವೆದಿದ್ದರೆ ಬೆನ್ನು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಆಗ ಲೇಥನ್ನು ದೂರುವುದೆಂದರೆ ಕುಣಿಯಲಾರದವಳು ನೆಲ ಡೊಂಕೆಂದಂತೆಯೇ ಸರಿ.

ಪೀಠವನ್ನು ಬಿಗಿಮಾಡುವುದೂ ಸ್ಪ್ರಿಂಗ್ ಬದಲಿಸುವುದೂ ಒಂದು ಹಗಲಿನ ಕೆಲಸ. ಕ್ಯಾಮ್ ಹಾಗಲ್ಲ. ಟೂಲ್ ಸ್ಟೀಲಿನಿಂದ ಹೊಸದನ್ನು ಮಾಡಿ, ಅರದಿಂದ ತಿದ್ದಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದಗೊಳಿಸಬೇಕು. ಬಳಿಕ ಡಯಲ್ ಗೇಜನ್ನು ಹಚ್ಚಿ ಲೇಥನ್ನು ಕೈಯಿಂದ ತಿರುಗಿಸಿದರೆ 12 ಸಲವೂ ಮುಳ್ಳು ಒಂದೇ ಅಳತೆಯನ್ನು ತೋರಬೇಕು. ಬೆಲೆಬಾಳುವ ಉಕ್ಕನ್ನು ಏರಿಸುವ ಮೊದಲು ಹಿತ್ತಾಳೆಯ ತುಂಡಿನ ಮೇಲೆ ಪ್ರಯೋಗ ಮಾಡುವುದು ಜಾಣತನ. ಗುಜರಿಯ ಸಾಧನಕ್ಕೆ ಬಣ್ಣ ಬಳಿದು ಹೊಳಪಿಸಿದವನಿಗೆ ಈ ಮುಳ್ಳು ಮನ್ನಣೆ ಕೊಡುವುದಿಲ್ಲ.

1941ರಲ್ಲಿ ಸ್ಥಾಪನೆಗೊಂಡ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಗಿದೆ. ಅಲ್ಲಿ ತಯಾರಾದ ಲೇಥುಗಳು ಇಂದಿಗೂ ದುಡಿಯುತ್ತಿವೆ. ಮಾಡಿದವರು ಮರೆಯಾದ ಮೇಲೆ ಯಂತ್ರದ ಆಯುಷ್ಯ ದುರಸ್ತಿಗಾರನ ಕೈಯಲ್ಲಿದೆ. ಅವನು ಮಾಡಿದ ಕಟರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಹರಿತವಾದ ಮೊನೆ. ಆ ಮೊನೆ ಕಡಿಯುವುದು ಮಾತ್ರ ಹಿಂದಿನ ಬೆನ್ನು ತಗ್ಗಿ ದಾರಿ ಬಿಟ್ಟುದರಿಂದ. ಅಷ್ಟನ್ನು ಬಲ್ಲವನೊಬ್ಬನು ಊರಿನಲ್ಲಿದ್ದರೆ ಸುಗ್ಗಿಯ ದಿನಗಳಲ್ಲಿ ಯಂತ್ರ ಬಹುಕಾಲ ಸುಮ್ಮನೆ ನಿಲ್ಲಬೇಕಾಗುವುದಿಲ್ಲ.